ಕಾಮಾಲೆ ಅಂತ ಹೇಳಲ್ಲ

ಅಮ್ಮಾ,

ನೀನು ಡೈರಿಗೆ ಹಾಲು ಹಾಕಿ ಬರೋಷ್ಟರಲ್ಲಿ ನಾನು ವೇಮಗಲ್ ಬಸ್ ಹತ್ತಿರ್ತೀನಿ. ಅಲ್ಲಿನ ಬಿಸ್ಕತ್ ಫ್ಯಾಕ್ಟ್ರಿಯಲ್ಲಿ ಪ್ಯಾಕಿಂಗ್ ಕೆಲಸದ ಇಂಟರ್‌ವ್ಯೂ ಇವತ್ತೇ. ಹೇಳಿದ್ರೆ ನೀನೂ ಹೊರಡ್ತಿದ್ದೆ, ಅದಕ್ಕೇ ಹೇಳ್ಲಿಲ್ಲ. ಬೈಕೋಬೇಡ.

ಮಾತ್ರೆ ತಗೊಂಡಿದ್ದೀನಿ, ಡಬ್ಬಿ ತೆಗೆದು ಎಣಿಸ್ಬೇಡ. ಮುದ್ದೆ ಇಳೀಲಿಲ್ಲ, ಮುಚ್ಚಿಟ್ಟಿದ್ದೀನಿ. ಕರುವಿಗೆ ನೀರಿಡೋದು ಮರೆತೆ, ನೀನೇ ಇಟ್ಬಿಡು.

ಹೋದ ಸಲ ಮಾಲೂರಿನ ಫ್ಯಾಕ್ಟ್ರಿಯಲ್ಲಿ "ಎರಡು ವರ್ಷ ಓದು ಯಾಕಮ್ಮ ನಿಲ್ಸಿದ್ದೆ?" ಅಂತ ನನ್ನನ್ನ ಕೇಳಿದ್ರು. ನಾನು ಬಾಯಿ ಬಿಡೋಕೆ ಮುಂಚೆ ನೀನು "ಕಾಮಾಲೆ ಆಗಿತ್ತು ಸಾರ್" ಅಂದೆ. ಅವರು ಎಲೆ ಔಷಧಿ ಕೊಡೋರ ವಿಳಾಸ ಹೇಳಿ ಕಳಿಸಿದ್ರು, ಕೆಲಸ ಕೊಡ್ಲಿಲ್ಲ. ಊರಲ್ಲೂ ಅದೇ ಹೇಳಿದ್ದೀಯ. ದೊಡ್ಡಮ್ಮ ಇವತ್ತಿಗೂ ನನ್ನ ರೆಪ್ಪೆ ಎತ್ತಿ ಕಣ್ಣು ಹಳದಿ ಇದ್ಯಾ ಅಂತ ನೋಡ್ತಾರೆ.

ಇವತ್ತು ಕೇಳಿದ್ರೆ, ಮನಸ್ಸಿನ ಕಾಯಿಲೆ ಆಗಿತ್ತು, ಈಗಲೂ ಮಾತ್ರೆ ತಗೋತೀನಿ ಅಂತ ನಾನೇ ಹೇಳ್ತೀನಿ. ಆಸ್ಪತ್ರೆಯ ಕೌನ್ಸೆಲಿಂಗ್ ಮೇಡಂ ಎದುರಿಗೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೀನಿ. ಆದ್ರೂ, ನಿಜ ಹೇಳಿದ್ಮೇಲೂ ಬೇಡ ಅಂದ್ರೆ ಮುಂದೆ ಎಲ್ಲಿಗೆ ಹೋಗ್ಲಿ ಅಂತ ಗೊತ್ತಿಲ್ಲ.

ಫೋನ್ ಮಾಡ್ಬೇಡ. ಹಿಂದೆ ಬರ್ಬೇಡ.

ನೀನು ಬಂದೇ ಬರ್ತೀಯ, ಗೊತ್ತು. ಬಂದ್ರೆ ಫ್ಯಾಕ್ಟ್ರಿ ಗೇಟಿನಾಚೆ ಟೀ ಅಂಗಡಿ ಹತ್ರ ಕೂತಿರು. ಒಳಗೆ ಬಂದು ಮಾತಾಡ್ಬೇಡ. ಆದ್ರೆ ನಾನು ಹೊರಗೆ ಬಂದ ತಕ್ಷಣ ನೀನು ನನಗೆ ಕಾಣ್ಬೇಕು.

ತ್ರಿವೇಣಿ