ಬಂಡಿಯಲ್ಲಿ ಬಂದವರು

ದೊಡ್ಡನೆಕ್ಕುಂದಿ
ಭಾನುವಾರ, ೨೨ ಜೂನ್ ೨೦೧೪

ನನ್ನ ಬಂಗಾರ ದಿವ್ಯಾ,

ಹೇಗಿದ್ದೀಯ ತಾಯಿ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಿದ್ದೆ ಬರುತ್ತದೆಯಾ? ವಾರದಿಂದ ನಿನ್ನ ಫೋನು ಸಿಗುತ್ತಿಲ್ಲ, ಅದಕ್ಕೇ ಈ ಕಾಗದ. ನಾಳೆ ಕೊರಿಯರ್‌ನಲ್ಲಿ ಹಾಕಿಸುತ್ತೇನೆ. ಟೀವಿಯಲ್ಲಿ ಉಕ್ರೇನ್ ಎಂದು ಕೇಳಿದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೂತುಬಿಡುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ನನ್ನ ಮಂಡಿ ನೋವು ಹಾಗೇ ಇದೆ. ನಿಮ್ಮಮ್ಮ ಬೇಯಿಸುತ್ತಾಳೆ, ಬಡಿಸುತ್ತಾಳೆ, ತನ್ನ ಪಾಡಿಗೆ ಒಳಗೆ ಹೋಗುತ್ತಾಳೆ. ನಿಮ್ಮಪ್ಪನಂತೂ ನಿನ್ನ ಫೋನು ಬಂದಾಗಲೆಲ್ಲ ಎದ್ದು ಹೊರಗೆ ಹೋಗಿ, ನಾನು ಇಟ್ಟ ಮೇಲೆ ಬಂದು “ಏನಂದ್ಲು?” ಎನ್ನುತ್ತಿದ್ದ. ನಿಮ್ಮಿಬ್ಬರ ನಡುವೆ ಸಿಕ್ಕಿ ನನಗೆ ಸಾಕುಸಾಕಾಗಿ ಹೋಗಿದೆ ಕಣೆ.

ಡೊನೆಟ್ಸ್ಕಿನಲ್ಲಿ ನಿನ್ನ ಜೊತೆ ಡಾಕ್ಟರಿಕೆ ಓದಿದ ಕೋಸ್ತ್ಯನನ್ನೇ ಮದುವೆಯಾಗುತ್ತೇನೆ, ಅವನ ಊರಲ್ಲೇ ಇದ್ದೇನೆ ಎಂದು ನೀನು ಬರೆದ ಉದ್ದನೆಯ ಕಾಗದವನ್ನು ನಿಮ್ಮಪ್ಪ ಮೊದಲು ಒಬ್ಬನೇ ಓದಿಕೊಂಡ. ಆಮೇಲೆ ಊಟಕ್ಕೆ ಕೂತಾಗ ನಮಗೂ ಗಟ್ಟಿಯಾಗಿ ಓದಿದ, ತಪ್ಪು ಹುಡುಕುವ ಮೇಷ್ಟರ ಹಾಗೆ. ಊರಿನ ಹೆಸರು ಉರ್ಜುಫ್, ಅಜೋವ್ ಸಮುದ್ರದ ದಂಡೆ. ಸಮುದ್ರವೆಂದರೂ ಆಳವಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಊರ ಹಿಂದೆ ಕಣ್ಣು ಹಾಯುವಷ್ಟೂ ಬಯಲು, ಕಪ್ಪು ಮಣ್ಣು, ಗೋಧಿ, ಸೂರ್ಯಕಾಂತಿ. ಗುಡ್ಡವೇ ಇಲ್ಲದ ಊರಲ್ಲಿ ದೇವರನ್ನು ಎಲ್ಲಿ ಕೂರಿಸುತ್ತಾರಪ್ಪ ಎಂದು ನಾನು ಕೇಳಿದ್ದಕ್ಕೆ ನಿನ್ನ ತಮ್ಮ ಲಿಖಿತ್ ನಕ್ಕ. ನಗಲಿ ಬಿಡು, ಈ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ನೀನು ಎಡವಿದ್ದು ಅದರ ಮುಂದೆ. ಕೋಸ್ತ್ಯನ ಮನೆತನದ ಹಿರಿಮೆ ಎಂದುಕೊಂಡು ಚರಿತ್ರೆಯನ್ನೆಲ್ಲ ಬರೆದೆಯಲ್ಲ! ಮೂಲ ಗ್ರೀಕರು, ಯಾವ ಕಾಲದಲ್ಲೋ ಹಡಗೇರಿ ಕ್ರೈಮಿಯಾಕ್ಕೆ ಬಂದು ಗುಡ್ಡ, ಸಮುದ್ರ, ತೋಟ ಎಂದು ನೆಲೆಸಿದವರು, ಇನ್ನೂರು ಚಿಲ್ಲರೆ ವರ್ಷದ ಹಿಂದೆ ರಷ್ಯಾದ ರಾಣಿ ಅಲ್ಲಿಂದಲೂ ಎಬ್ಬಿಸಿ, ಬಂಡಿಗಳ ಮೇಲೆ ಮರವಿಲ್ಲದ ಆ ಬಯಲಿಗೆ ಕಳಿಸಿದಳು, ರೋಗಕ್ಕೆ, ಚಳಿಗೆ ಸಿಕ್ಕಿ ಹಾದಿಯಲ್ಲೇ ಎಷ್ಟೋ ಜನ ಸತ್ತರು, ಉಳಿದವರು ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಊರಿಗೂ ಇಟ್ಟುಕೊಂಡರು. ಸ್ಟಾಲಿನ್ ಕಾಲದಲ್ಲಿ ಗ್ರೀಕನೆಂಬ ಒಂದೇ ಕಾರಣಕ್ಕೆ ಕೋಸ್ತ್ಯನ ಮುತ್ತಾತನನ್ನು ಹಿಡಿದುಕೊಂಡು ಹೋದರು, ಮರಳಿ ಬರಲಿಲ್ಲ. ಕೇಳುತ್ತ ನನ್ನ ಕಣ್ಣು ತುಂಬಿತು. ನಿಮ್ಮಪ್ಪ ಕಾಗದ ಮಡಿಸಿ, “ಎರಡ್ ಸಾರಿ ಊರು ಬಿಟ್ಟ ಜನ ಕಣಮ್ಮ. ಈಗ ಗುಂಡು ಬೇರೆ ಆರ್ತಾವೆ, ಮೂರ್ನೇ ಸಾರಿನೂ ಬಿಡ್ತಾರೆ. ನೆಲೆ ಇಲ್ದೋರ್ಗೆ ಯಾರಾದ್ರೂ ಎಣ್ಣು ಕೊಡ್ತಾರಾ?” ಎಂದ.

ಅವನದೂ ತಪ್ಪೆನ್ನಲಾರೆ. ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹಿರಿಯರು ಹೋಗಿ ಊರು ನೋಡಿ ಬರುತ್ತಾರೆ. ಹುಡುಗನನ್ನು ಆಮೇಲೆ ನೋಡಿದರೂ ನಡೆದೀತು. ಮೊದಲು ಬಾವಿ ನೀರು ಕುಡಿಯಬೇಕು, ಹೊಲದ ಮಣ್ಣು ಹಿಸುಕಿ ನೋಡಬೇಕು, ಎಷ್ಟು ತಲೆಮಾರಿನಿಂದ ಅಲ್ಲಿದ್ದಾರೆ ಎಂದು ವಿಚಾರಿಸಬೇಕು. ನನ್ನಪ್ಪ ಈ ಊರಿನ ಕೆರೆ ನೋಡಿ ಒಪ್ಪಿದ್ದೇ ಹೊರತು ನಿಮ್ಮ ತಾತನ ಮುಖ ನೋಡಿ ಅಲ್ಲ. ಅಷ್ಟು ದೂರ ಹೋಗಲಾಗದ ನಿಮ್ಮಪ್ಪ ಲಿಖಿತನ ಕಂಪ್ಯೂಟರಿನಲ್ಲಿ ಆ ಊರಿನ ನಕ್ಷೆ ತೆಗೆಸಿಕೊಂಡು ಸಂಜೆಯೆಲ್ಲ ಕೂರುತ್ತಾನೆ. ಬಾವಿ ಎಲ್ಲಿ, ಹೊಲ ಎಲ್ಲಿ, ಗುಂಡು ಹಾರಿದ ಮರಿಯುಪೋಲ್ ಅಲ್ಲಿಗೆ ಎಷ್ಟು ದೂರ ಎಂದು ಬೆರಳಿಟ್ಟು ಹುಡುಕುತ್ತಾನೆ. ಬೈಯುತ್ತಾನೆ, ಮತ್ತೆ ನೋಡುತ್ತಾನೆ.

ಮೊನ್ನೆ ನಿಮ್ಮಪ್ಪನ ಮೇಲೆ ನನಗೂ ರೇಗಿತು. “ಲೋ ಶ್ಯಾಮಣ್ಣ, ನಮ್ದು ಯಾವ ನೆಲೇನೋ? ಬಂಡಿದ್ಯಾವ್ರು ಯಾಕ್ ಮಾಡ್ತೀವಿ, ಯೋಳು?” ಎಂದೆ. ನೀನು ಚಿಕ್ಕವಳಿದ್ದಾಗ ಬಂಡಿ ತೊಳೆದು, ಹೂವು ಕಟ್ಟಿ, ಬೈರದೇವರಿಗೆ ಪೂಜೆ ಮಾಡಿದ್ದು ನಿನಗೆ ನೆನಪಿರಬೇಕು. ನಮ್ಮ ಹಿರಿಯರು ಕಂಚಿ ಸೀಮೆಯ ಕಡೆ ದೊರೆಯೊಬ್ಬ ಹೆಣ್ಣು ಕೇಳಿದಾಗ ಕೊಡಲೊಪ್ಪದೆ ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಓಡಿಬಂದವರು ಎಂದು ನನ್ನ ಅತ್ತೆ ವೆಂಕಟಮ್ಮ ಹೇಳುತ್ತಿದ್ದರು. ಬಂದ ಮೇಲಾದರೂ ಏನು ಉಳಿಯಿತು? ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗೆ ಹೋಯಿತು, ಈಗ ಬಾಡಿಗೆ ಮನೆ ಬೆಳೆಯುತ್ತಿದ್ದೇವೆ. “ಬಂಡೀಲಿ ಬಂದೋರ್ ಮಗಳ್ನ ಬಂಡೀಲಿ ಬಂದೋರ್ ಮಗ ಕೇಳ್ತಾವ್ನೆ. ಈಡೂ ಜೋಡೂ ಸರಿಯಾಗೈತೆ ಬಿಡು” ಎಂದೆ. ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ. ಅಂದಿನಿಂದ ನನ್ನ ಜೊತೆಗೂ ಮಾತಿಲ್ಲ.

ಹಾಗೆಂದು ನನಗೆ ಇದೆಲ್ಲ ಇಷ್ಟ ಎಂದು ತಿಳಿಯಬೇಡ. ಓದು ಮುಗಿಸಿ ಬರುತ್ತೀಯ, ಈ ಓಣಿಯಲ್ಲೇ ಕ್ಲಿನಿಕ್ ಇಡುತ್ತೀಯ ಎಂದು ಕಾದವಳು ನಾನು. ಕೋಸ್ತ್ಯ ತಾಯಿಯನ್ನು ಬಿಟ್ಟು ಬರುವುದಿಲ್ಲ, ನಾನು ಕೋಸ್ತ್ಯನನ್ನು ಬಿಟ್ಟು ಬರುವುದಿಲ್ಲ ಎಂದುಬಿಟ್ಟೆ ನೀನು. ನಿನ್ನ ಕಾಲೇಜಿನ ಮಕ್ಕಳೆಲ್ಲ ವಿಮಾನ ಹತ್ತಿ ಮನೆ ಸೇರಿದರಂತೆ, ನೀನೊಬ್ಬಳು ಹಟ ಹಿಡಿದು ಕೂತಿದ್ದೀಯ. ನಿನ್ನ ಮೇಲೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಎರಡನ್ನೂ ಹೊರಲು ಈ ವಯಸ್ಸಿನಲ್ಲಿ ತ್ರಾಣವಿಲ್ಲ ಕಣೆ. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಾಯಿತು. ಹೊರಗೆ ಸದ್ದಾದರೆ ಕಿಟಕಿಯ ಹತ್ತಿರ ನಿಲ್ಲಬೇಡ. ಕೋಸ್ತ್ಯನ ತಾಯಿಗೆ ನನ್ನ ನಮಸ್ಕಾರ ಹೇಳು, ಹುಡುಗನಿಗೆ ಆಶೀರ್ವಾದ. ನೀನು ನೂರು ಕಾಲ ಬಾಳು ಮಗಳೇ, ಮೊದಲು ಈ ತಿಂಗಳು ದಾಟು.

ನಿನ್ನ ಅಜ್ಜಿ
ಭದ್ರಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿಮ್ಮಪ್ಪ ಬಂದು ಬಾಗಿಲಲ್ಲಿ ನಿಂತ. ಮಹಡಿ ಮನೆಯವರು ಹೋದ ತಿಂಗಳೇ ಖಾಲಿ ಮಾಡಿದರು. ಬಾಡಿಗೆಗೆ ಕೇಳಿಕೊಂಡು ಬಂದವರನ್ನೆಲ್ಲ ಅವನು ಯಾಕೆ ವಾಪಸ್ ಕಳಿಸುತ್ತಿದ್ದ, ಸುಣ್ಣ ಯಾಕೆ ಹೊಡೆಸಿದ ಎಂದು ನನಗೆ ಈಗ ತಿಳಿಯಿತು. ನನ್ನ ಮುಖ ನೋಡದೆ ಕೇಳಿದ: “ಆ ಉಡ್ಗನ್ ತಾಯಿಗೆ ಮೆಟ್ಲು ಅತ್ತೋಕ್ ಆಯ್ತದಂತಾ ಕೇಳು. ಆಗಲ್ಲ ಅಂದ್ರೆ ಕೆಳಗಿನ್ ಮನೆ ಖಾಲಿ ಮಾಡಿಸ್ತೀನಿ.” ಕೇಳಿಸಿತಾ ದಿವ್ಯಾ? ಮೂವರೂ ಹೊರಟು ಬನ್ನಿ.