ಅರೆದ ಎಲೆ

ಡಂಬಳ
೧೨-೧೧-೧೯೫೬

ಧಾರವಾಡದ ಸಸ್ಯಶಾಸ್ತ್ರದ ಗುರುಗಳಿಗೆ ಹೊಳೆಯಪ್ಪನ ನಮಸ್ಕಾರಗಳು.

ಕಪ್ಪತಗುಡ್ಡದಲ್ಲಿ ನಿಮ್ಮ ಗಿಡಗಳ ಗಂಟು ಹೊತ್ತವನು ನಾನು. ಎಲೆಯನ್ನು ಎಷ್ಟೇ ಅರೆದರೂ ಅದರ ರೋಮ, ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಗುರುತು ಹೇಳುತ್ತವೆ ಎಂದು ಅಂದು ತೋರಿಸಿದ್ದಿರಿ.

ನಮ್ಮಪ್ಪ ಅರಿಷಿಣ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುತ್ತಾನೆ. ಎಲೆ ಯಾವುದೆಂದು ಯಾರಿಗೂ ತಿಳಿಯದಂತೆ ಅರೆದೇ ಕೊಡುವುದು ವಾಡಿಕೆ. "ಹೆಸರು ಹೇಳಿದ್ರ ಔಷಧ ಸಾಯ್ತೈತಿ" ಎನ್ನುತ್ತಾನೆ. ಹೋದ ತಿಂಗಳು ನನ್ನ ಹೆಂಡತಿ ಉಡಚವ್ವನಿಗೂ ಕೊಟ್ಟ. ಅವಳು ಅದೇ ದಿನ ವಾಂತಿಯಾಗಿ ತೀರಿಕೊಂಡಳು.

ಎರಡು ಪೊಟ್ಟಣ ಕಳಿಸಿದ್ದೇನೆ. ಒಂದು, ಅಪ್ಪ ಮೂರು ವರ್ಷದ ಹಿಂದೆ ಅರೆದು ಒಣಗಿಸಿಟ್ಟದ್ದು. ಅದರಿಂದ ಅನೇಕರು ಉಳಿದಿದ್ದಾರೆ. ಇನ್ನೊಂದು, ಉಡಚವ್ವ ಕುಡಿದ ಬಟ್ಟಲಿನ ತಳದ್ದು. ಆ ಬಟ್ಟಲನ್ನು ನಾನು ತೊಳೆದಿರಲಿಲ್ಲ. ಎರಡೂ ಒಂದೇ ಎಲೆಯೇ, ಎರಡನೆಯದರಲ್ಲಿ ವಿಷವಿದೆಯೇ ತಿಳಿಸಿರಿ. ಉತ್ತರ ಮನೆಗೆ ಬೇಡ, ಅಂಚೆ ಕಚೇರಿಗೆ ಬರೆಯಿರಿ. ಐತವಾರ ಮತ್ತೆ ಇಬ್ಬರು ಔಷಧಕ್ಕೆ ಬರುವವರಿದ್ದಾರೆ.

"ನನ್ನ ಕಣ್ಣು ಇನ್ನೂ ಚಲೋ ಅದಾವಲೇ, ಎಲಿ ತಪ್ಪಂಗಿಲ್ಲ" ಎನ್ನುತ್ತಾನೆ ಅಪ್ಪ. ನನ್ನ ಕಣ್ಣು ಹಳದಿಯಾಗಿ ನಾಲ್ಕು ದಿನವಾಯಿತು. ದಿನವೂ ಎದುರಿಗೆ ಕುಳಿತು ಉಣ್ಣುವ ಅವನಿಗೆ ಅದು ಇನ್ನೂ ಕಂಡಿಲ್ಲ.

ನಿಮ್ಮ ಉತ್ತರದ ಹಾದಿ ಕಾಯುವ,
ಹೊಳೆಯಪ್ಪ