ಹದಿನಾಲ್ಕನೇ ಕುರ್ಚಿಯ ಕಾಲುಚೀಲ

ವಾಚನಾಲಯದ ಹಿಂದಿನ ಕೋಣೆ,
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದರೆ, ಕಿಟಕಿಯ ಸರಳಿನ ಮೇಲೆ ನನ್ನ ಹೆಬ್ಬೆರಳಿನಷ್ಟೇ ಉದ್ದದ ಕಾಲುಚೀಲವೊಂದು ಒಣಗುತ್ತಿತ್ತು. ಅದರ ಕಥೆ ಆಮೇಲೆ. ನಿನ್ನ ಸೊಂಟನೋವು ಹೇಗಿದೆ? ರಾತ್ರಿ ನಿದ್ದೆ ಸಿಗುತ್ತಿದೆಯೇ? ಪಾಪುವಿಗೆ ಹಲ್ಲು ಮೂಡಿತೆಂದು ಭಾವ ಬರೆದಿದ್ದರು. ಇನ್ನು ಕಚ್ಚಿಸಿಕೊಳ್ಳುವ ಭಾಗ್ಯವೂ ನಿನ್ನದೇ.

ಕಾಲುಚೀಲ ಬಿಟ್ಟುಹೋದವಳು ಇಲ್ಲಿ ಹದಿನಾಲ್ಕನೇ ಕುರ್ಚಿಯಲ್ಲಿ ಕೂತು ಓದುವ ತಾಯಿ. ಇನ್ನು ಮೂರು ವಾರಕ್ಕೆ ಅವಳಿಗೆ ನರ್ಸ್ ಕೆಲಸದ ಪರೀಕ್ಷೆ. ಮನೆಯಲ್ಲಿ ಒಂದೇ ಕೋಣೆ, ಐದು ಜನ. ಅದಕ್ಕೇ ಮೂರು ತಿಂಗಳ ಮಗುವನ್ನು ಎದೆಗೆ ಕಟ್ಟಿಕೊಂಡು ಬರುತ್ತಾಳೆ. ಪುಟ ತಿರುಗಿಸುವ ಮೊದಲು ಮಗುವಿನ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳಬೇಕು. ಸೋಮವಾರ ಮಗು ಮುಲುಗಿದಾಗ ಅವಳು ಗೋಡೆಯ ಕಡೆ ತಿರುಗಿ ಹಾಲು ಕೊಡತೊಡಗಿದಳು, ಇನ್ನೊಂದು ಕೈಯಲ್ಲಿ ಪೆನ್ಸಿಲ್. ಫ್ಯಾನಿನ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಗ ದಿನಕ್ಕೆ ಐದು ಪತ್ರಿಕೆ ಓದುವ ನಿವೃತ್ತ ಮೇಷ್ಟ್ರು ಎದ್ದು ನಿಂತರು. “ಇದೇನು ಓದೋ ಜಾಗವೋ, ಬಾಣಂತಿ ಕೋಣೆಯೋ? ಶೌಚಾಲಯ ಇದೆಯಲ್ಲ, ಅಲ್ಲಿಗೆ ಹೋಗಮ್ಮ!” ಗುಡಿಸುವ ಚಿಕ್ಕಮ್ಮ (ಎಲ್ಲರೂ ಹಾಗೇ ಕರೆಯುವುದು) ಪೊರಕೆ ಕೆಳಗಿಡದೆಯೇ, “ನಿಮ್ಮ ಊಟದ ಡಬ್ಬಿ ಅಲ್ಲೇ ಬಿಚ್ತೀರಾ ಯಜಮಾನ್ರೇ? ದಿನಾ ತೊಳೆಯೋಳು ನಾನು, ಅದರ ಗಮ ನನಗೆ ಗೊತ್ತು” ಎಂದರು. ಒಂದಿಬ್ಬರು ನಕ್ಕರು, ಒಂದಿಬ್ಬರು ಛೀ ಎಂದರು. ಅವಳು ಮಾತ್ರ “ಇನ್ನೈದು ನಿಮಿಷ ಸರ್, ಮಲಗಿಬಿಡುತ್ತೆ” ಎಂದು ಮೆಲ್ಲಗೆ ಹೇಳಿ ನನ್ನತ್ತ ನೋಡಿದಳು. ನಾನು ರಿಜಿಸ್ಟರಿನ ಮೇಲೆ ತಲೆ ಬಗ್ಗಿಸಿದೆ. ಅವಳು ಎದ್ದು ಹೋದಳು. ಬಿದ್ದಿದ್ದ ಕಾಲುಚೀಲವನ್ನು ಚಿಕ್ಕಮ್ಮ ಒಗೆದು ಹಾಕಿದ್ದಾರೆ.

ಇಲ್ಲಿ ಏನೇ ನಡೆದರೂ ವಾಚನಾಲಯದ ಮೇಲಧಿಕಾರಿ, ನಮ್ಮ ಸಾಹೇಬರು, ಚೀಟಿಯಲ್ಲಿ ವರದಿ ಗೀಚುತ್ತಾರೆ. ಅಕ್ಷರ ದುಂಡಗಿದೆಯೆಂದು ನಾನು ಶುದ್ಧಪ್ರತಿ ಮಾಡಿ ‘ಕಣ್ಣಾರೆ ಕಂಡವರು’ ಎಂಬಲ್ಲಿ ಸಹಿ ಹಾಕುತ್ತೇನೆ. ಸೋರುವ ನಲ್ಲಿಗೂ ಹಾಗೇ, ಹರಿದ ಪುಸ್ತಕಕ್ಕೂ ಹಾಗೇ. ಸೋಮವಾರ ಸಾಹೇಬರು ರಜೆಯಲ್ಲಿದ್ದರು. ನಿನ್ನೆ ಬಂದವರು ಮೇಷ್ಟ್ರು ಹೇಳಿದ್ದನ್ನೇ ಬರೆದುಕೊಟ್ಟರು. ಗಲಾಟೆ ಮಾಡಿದಳು, ಅಸಭ್ಯವಾಗಿ ಕೂತಿದ್ದಳು, ಹೇಳಿದರೂ ಕೇಳಲಿಲ್ಲ. ಅಕ್ಕಾ, ನಾನು ಅದನ್ನು ಅಂದವಾಗಿ, ಅಂಚು ಬಿಟ್ಟು ಬರೆದು ಸಹಿ ಹಾಕಿಬಿಟ್ಟೆ. ರೂಢಿಯ ಕೈ. ನಿನ್ನೆಯೇ ಅವಳ ವಾಚನಾಲಯದ ಕಾರ್ಡನ್ನು ತಡೆಹಿಡಿದರು. ನಾಳೆ ಸಮಿತಿ ಅದನ್ನು ರದ್ದು ಮಾಡಲಿದೆ. ಅವರ ಮುಂದಿರುವ ಸಾಕ್ಷಿ ನನ್ನ ಹಾಳೆಯೊಂದೇ. ನನ್ನ ಕೆಲಸ ಕಾಯಂ ಆಗಬೇಕಾದದ್ದೂ ಅದೇ ಸಭೆಯಲ್ಲಿ. “ನೀನು ಸುಮ್ನಿರಮ್ಮ, ಎಲ್ಲ ಸರಿಹೋಗುತ್ತೆ” ಎಂದಿದ್ದಾರೆ ಸಾಹೇಬರು.

ಸುಮ್ಮನಿರುವುದು ನನಗೆ ಯಾರೂ ಕಲಿಸಬೇಕಿಲ್ಲ. ಆದರೆ ಎರಡು ದಿನದಿಂದ ನನ್ನ ಪದವಿ ಸಮಾರಂಭವೇ ನೆನಪಾಗುತ್ತಿದೆ. ನೀನು ಎರಡು ತಿಂಗಳ ಪಾಪುವನ್ನೆತ್ತಿಕೊಂಡು ಅಷ್ಟು ದೂರದಿಂದ ಬಂದಿದ್ದೆ. ಅವನು ಅತ್ತಾಗ “ಅಕ್ಕಾ, ಜನ ನೋಡ್ತಾರೆ, ಹೊರಗೆ ಹೋಗು” ಅಂದವಳು ನಾನೇ. ನನ್ನ ಹೆಸರು ಕರೆದಾಗ ನೀನು ಮೆಟ್ಟಿಲ ಕೆಳಗೆ ನಿಂತು ಹಾಲು ಕೊಡುತ್ತಿದ್ದೆ. ಆಮೇಲೆ ಬಂದು, ನೋಡಿದವಳ ಹಾಗೆ, “ಚೆನ್ನಾಗಿ ನಡೆದೆ ಕಣೇ” ಅಂದೆ.

ಭಾವನಿಗೆ ನಮಸ್ಕಾರ ತಿಳಿಸು. ಪಾಪುವಿನ ಆ ಒಂಟಿ ಹಲ್ಲಿಗೆ ನನ್ನ ಮುತ್ತು.

ನಿನ್ನ ತಂಗಿ,
ಮೂಕಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಬೆಳಿಗ್ಗೆ ಇನ್ನೊಂದು ಹಾಳೆ ಬರೆದೆ, ಯಾರ ಚೀಟಿಯನ್ನೂ ನೋಡದೆ. “ಮಗು ಹಸಿದಿತ್ತು. ತಾಯಿ ಗೋಡೆಗೆ ತಿರುಗಿ ಹಾಲುಣಿಸಿದರು. ಗಲಾಟೆ ಅವರು ಮಾಡಲಿಲ್ಲ. ನನ್ನ ಮೊದಲ ಹಾಳೆ ಸುಳ್ಳು.” ಸಹಿಯೂ ಆಗಿದೆ. ಸಭೆಗೆ ಅವಳನ್ನು ಕರೆದಿಲ್ಲವಂತೆ. ಸಂಜೆ ಕಾಲುಚೀಲ ಕೊಡಲು ಹೋದಾಗ ನಾನೇ ಕರೆಯುತ್ತೇನೆ, ಮಗುವನ್ನೂ ಎತ್ತಿಕೊಂಡು ಬಾ ಅಂತ. ನಾಳೆ ಹತ್ತು ಗಂಟೆಗೆ ಸಭೆಯಲ್ಲಿ ಈ ಹಾಳೆಯನ್ನು ಗಟ್ಟಿಯಾಗಿ ಓದುವವಳು ನಾನು.